ಎದುರು ಎಂಬ ಮಾತು



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಒಂದು ಶಬ್ದದ ಶುದ್ಧರೂಪ ಯಾವುದು, ಅದರ ಮೂಲ ಯಾವುದು ಎಂದು ಕೇಳುವಂಥವು. ಅವಕ್ಕೆ ನಿಘಂಟುಗಳನ್ನು ತಿರುವಿ ಉತ್ತರ ಹೇಳುವುದು ನಮಗೆ ರೂಢಿಯಾಗಿದೆ. ಈ ಸಲ ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯ ಆಸುಪಾಸಿನ ಹಳ್ಳಿಯೊಂದರಿಂದ ಓದುಗ ತಾಯಿಯೊಬ್ಬರು ಬರೆದಿರುವ ಪತ್ರ ಮಾತ್ರ ಬೇರೆ ಬಗೆಯದು. ಕೇಳಿರುವುದು ಒಂದು ಪದದ ಅರ್ಥವನ್ನೇ ಆದರೂ, ಅದರ ಹಿಂದೆ ಒಂದು ಮನೆಯ ನೆಮ್ಮದಿ ನಿಂತಿದೆ.

ಪತ್ರದ ಸಾರಾಂಶ ಹೀಗಿದೆ. ಮನೆಯ ಹಿರಿಯರು ಲಿಂಗೈಕ್ಯರಾದ ಬಳಿಕ ಅಣ್ಣತಮ್ಮಂದಿರಿಬ್ಬರಿಗೆ ಗದ್ದೆ ಮತ್ತು ಕಾಫಿ ತೋಟದ ಖಾತೆಯ ವಿಷಯದಲ್ಲಿ ತಕರಾರು ಹುಟ್ಟಿ, ಅದು ಕಂದಾಯ ನ್ಯಾಯಾಲಯದ ಮೆಟ್ಟಿಲೇರಿದೆ. ಇಬ್ಬರಿಗೂ ಅಂಗಳ ಒಂದೇ, ಮನೆಗಳು ಎದುರುಬದುರು. ಒಂದು ದಿನ ಅಂಚೆಯಲ್ಲಿ ಬಂದ ನೋಟೀಸನ್ನು ಐದನೆಯ ತರಗತಿಯಲ್ಲಿ ಓದುವ ಮಗ ಕೈಗೆತ್ತಿಕೊಂಡು ಓದಿದ. ತಂದೆಯ ಹೆಸರಿನ ಮುಂದೆ ‘ಮೇಲ್ಮನವಿದಾರ’ ಎಂದೂ ದೊಡ್ಡಪ್ಪನ ಹೆಸರಿನ ಮುಂದೆ ‘ಎದುರುದಾರ’ ಎಂದೂ ಇತ್ತು. ‘ಅಮ್ಮಾ, ಎದುರುದಾರ ಎಂದರೆ ಶತ್ರುವೇ?’ ಎಂದು ಹುಡುಗ ಕೇಳಿದ. ಶಾಲೆಯ ಪುಸ್ತಕದ ವಿರುದ್ಧಪದಗಳ ಪಟ್ಟಿಯಲ್ಲಿ ಮಿತ್ರನಿಗೆ ಎದುರಾಗಿ ಶತ್ರು ಎಂದಿರುವುದನ್ನು ಅವನು ಆಗಷ್ಟೇ ಬಾಯಿಪಾಠ ಮಾಡಿದ್ದ. ತಾಯಿ ಹೌದೆನ್ನಲಾರದೆ, ಅಲ್ಲವೆನ್ನಲಾರದೆ ಸುಮ್ಮನಾದರು.

ಅದಾದ ಕೆಲವು ದಿನಗಳಿಗೆ, ಭತ್ತದ ತೆನೆ ಬಲಿಯುತ್ತಿದ್ದ ಕಾಲದಲ್ಲಿ, ಒಂದು ರಾತ್ರಿ ಕಾಡಾನೆಗಳು ಗದ್ದೆಗಿಳಿದು ಅಂಗಳದ ಅಂಚಿನವರೆಗೂ ಬಂದವು. ಹುಡುಗನ ತಂದೆ ಸದ್ದು ಕೇಳಿ ಬಾಗಿಲಿನ ಅಗಳಿ ತೆಗೆಯುತ್ತಿದ್ದಂತೆಯೇ, ಎರಡು ವರ್ಷಗಳಿಂದ ಮಾತು ನಿಂತಿದ್ದ ಎದುರುಮನೆಯ ಕಿಟಕಿಯಿಂದ ದೊಡ್ಡಪ್ಪನ ಕೂಗು ಕೇಳಿಸಿತು: ‘ಹೊರಗೆ ಬರಬೇಡ, ಕೊಟ್ಟಿಗೆಯ ಮಗ್ಗುಲಲ್ಲೇ ನಿಂತಿದೆ!’ ಬೆಳಗಾದ ಮೇಲೆ ಹುಡುಗ ಎರಡನೆಯ ಪ್ರಶ್ನೆ ಕೇಳಿದ. ‘ದೊಡ್ಡಪ್ಪ ಎದುರುದಾರರಾಗಿದ್ದೂ ಅಪ್ಪನನ್ನು ಏಕೆ ಉಳಿಸಿದರು?’

ಈ ಪ್ರಶ್ನೆಗೆ ನೀವಾದರೂ ಉತ್ತರ ಬರೆಯಿರಿ ಎಂದು ತಾಯಿ ನಮ್ಮನ್ನು ಕೇಳಿಕೊಂಡಿದ್ದಾರೆ. ವ್ಯಾಜ್ಯದಲ್ಲಿ ನ್ಯಾಯ ಯಾರ ಕಡೆಗಿದೆಯೆಂದು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಪದದ ಬಗೆಗೆ ನಾವು ಹೇಳಬಹುದಾದುದು ಉಂಟು. ಅದನ್ನು ಈ ತಿಂಗಳು ಹೇಳುತ್ತೇವೆ.

ಮೊದಲನೆಯದಾಗಿ, ನಮಗೆ ಇದಿರಾಗುವವರನ್ನು ಹೆಸರಿಸಲು ಕನ್ನಡದಲ್ಲಿ ಒಂದಲ್ಲ, ಹತ್ತಾರು ಪದಗಳಿವೆ: ಎದುರಾಳಿ, ಪ್ರತಿಸ್ಪರ್ಧಿ, ಪ್ರತಿವಾದಿ, ಎದುರುದಾರ, ವಿರೋಧಿ, ಹಗೆ, ವೈರಿ, ಶತ್ರು. ಇವು ಒಂದೇ ಅರ್ಥದ ಪದಗಳೆಂದು ತಿಳಿಯುವುದು ತಪ್ಪು. ತಕ್ಕಡಿಯ ಬೊಟ್ಟುಗಳಂತೆ ಒಂದೊಂದಕ್ಕೂ ಬೇರೆಬೇರೆ ತೂಕವುಂಟು. ಎದುರಾಳಿ ಆಟ ಮುಗಿಯುವವರೆಗೆ ಮಾತ್ರ. ಪ್ರತಿವಾದಿ ತೀರ್ಪು ಬರುವವರೆಗೆ. ವಿರೋಧಿ ಒಂದು ವಿಷಯಕ್ಕೆ ಅಡ್ಡ ನಿಲ್ಲುವವನು. ವಿರೋಧವೆಂಬ ಸಂಸ್ಕೃತ ಪದದ ಒಳಗಿರುವ ಧಾತುವಿನ ಅರ್ಥವೇ ತಡೆಯುವುದು ಎಂದು. ಆ ವಿಷಯ ಸರಿದರೆ ವಿರೋಧವೂ ಸರಿಯುತ್ತದೆ. ಶತ್ರು, ವೈರಿ ಎಂಬ ಪದಗಳು ಹಾಗಲ್ಲ. ಅವು ವಿಷಯವನ್ನು ಬಿಟ್ಟು ಇಡೀ ಮನುಷ್ಯನನ್ನೇ ಹಿಡಿಯುತ್ತವೆ. ವೈರವೆಂಬುದು ವೀರ ಎಂಬ ಪದದಿಂದಲೇ ಹುಟ್ಟಿದ್ದು. ಶೌರ್ಯದ ಹೆಮ್ಮೆ ಕೊಳೆತರೆ ಏನಾಗುತ್ತದೆಂಬುದಕ್ಕೆ ಭಾಷೆಯೇ ಸಾಕ್ಷಿ ಹೇಳುತ್ತಿದೆಯೋ ಎಂಬಂತಿದೆ.

ಈಗ ಹುಡುಗನನ್ನು ಕಾಡಿದ ಪದಕ್ಕೆ ಬರೋಣ. ಎದುರು ಎಂಬುದು ಅಚ್ಚಗನ್ನಡದ ಮಾತು. ಹಳಗನ್ನಡದಲ್ಲಿ ಇದು ಇದಿರ್ ಎಂದಿತ್ತು; ತಮಿಳಿನ ಎದಿರ್, ತೆಲುಗಿನ ಎದುರು ಇದರ ಒಡಹುಟ್ಟುಗಳು. ಇದರ ಮೂಲಾರ್ಥ ಮುಂಭಾಗ, ಕಣ್ಣಮುಂದಿನ ಜಾಗ ಎಂದಷ್ಟೇ. ಅದರಲ್ಲಿ ಸ್ನೇಹವೂ ಇಲ್ಲ, ದ್ವೇಷವೂ ಇಲ್ಲ. ಮುಖಕ್ಕೆ ಮುಖ ಕೊಟ್ಟು ನಿಂತವನು ಎದುರಿನವನು. ಹಾಗೆ ನಿಂತವನೊಡನೆ ಏನು ಮಾಡುತ್ತೇವೆಂಬುದು ಆಮೇಲಿನ ಮಾತು.

ಆದ್ದರಿಂದಲೇ ಈ ಒಂದು ಬೇರಿನಿಂದ ಕನ್ನಡದಲ್ಲಿ ಎರಡು ಬಗೆಯ ಕೊಂಬೆಗಳು ಒಡೆದಿವೆ. ಎದುರಿಸು, ಎದುರುಬೀಳು, ಎದುರಾಳಿ ಇವು ಒಂದು ಕಡೆಯವು. ಎದುರುಗೊಳ್ಳು, ಎದುರುನೋಡು ಇವು ಇನ್ನೊಂದು ಕಡೆಯವು. ಮದುವೆಯ ದಿಬ್ಬಣ ಊರ ಬಾಗಿಲಿಗೆ ಬಂದಾಗ ಹೆಣ್ಣಿನ ಕಡೆಯವರು ವಾದ್ಯಸಮೇತ ಹೋಗಿ ಬೀಗರನ್ನು ಎದುರುಗೊಳ್ಳುತ್ತಾರೆ. ಜಂಗಮರು ಬಿನ್ನಹಕ್ಕೆ ಬರುವರೆಂದು ತಿಳಿದ ಮನೆಯವರು ಬಾಗಿಲಲ್ಲಿ ನಿಂತು ಎದುರುನೋಡುತ್ತಾರೆ. ಪರಸ್ಥಳದಲ್ಲಿ ಓದುವ ಮಗಳು ರಜೆಗೆ ಬರುವುದನ್ನು ತಾಯಿ ಎದುರುನೋಡುತ್ತಾಳೆ. ಯುದ್ಧಕ್ಕೆ ನಿಲ್ಲುವುದಕ್ಕೂ ಅತಿಥಿಯನ್ನು ಬರಮಾಡಿಕೊಳ್ಳುವುದಕ್ಕೂ ಒಂದೇ ಪದವನ್ನು ಇಟ್ಟುಕೊಂಡಿರುವ ನಮ್ಮ ಭಾಷೆ ಎಷ್ಟು ದೊಡ್ಡ ಮನಸ್ಸಿನದು ಎಂಬುದನ್ನು ವಾಚಕರು ಒಂದು ಗಳಿಗೆ ನಿಂತು ಯೋಚಿಸಬೇಕು.

ಎದುರಿನವನಿಲ್ಲದೆ ನಾವೂ ಇಲ್ಲ ಎಂಬ ತಿಳಿವಳಿಕೆ ನಮ್ಮ ಜನರ ಆಟಪಾಟಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ಮೈಸೂರು ದಸರೆಯ ಕುಸ್ತಿಗೆ ಮುನ್ನ ಪೈಲ್ವಾನರ ವಯಸ್ಸು, ತೂಕ, ಅನುಭವಗಳನ್ನು ನೋಡಿ ಯಾರಿಗೆ ಯಾರು ಎಂದು ಗೊತ್ತುಮಾಡುತ್ತಾರೆ. ಅದಕ್ಕೆ ‘ಜೋಡಿ ಕಟ್ಟುವುದು’ ಎಂದು ಹೆಸರು. ಮದುವೆಯ ವಧೂವರರಿಗೂ ಜೋಡಿ, ನೊಗದ ಎತ್ತುಗಳಿಗೂ ಜೋಡಿ, ಮಣ್ಣಿನಲ್ಲಿ ಒಬ್ಬರನ್ನೊಬ್ಬರು ಕೆಡಹಲು ನಿಂತ ಜಟ್ಟಿಗಳಿಗೂ ಜೋಡಿ! ಸರಿಸಾಟಿಯಾದ ಎದುರಾಳಿ ಸಿಕ್ಕದ ಪೈಲ್ವಾನನಿಗೆ ಆ ದಿನ ಅಖಾಡವೇ ಇಲ್ಲ.

ಸಕಲೇಶಪುರದಿಂದ ಶಿರಾಡಿ ಘಾಟಿಯಿಳಿದು ಕರಾವಳಿಗೆ ಹೋದರೆ ಅಲ್ಲಿ ಇನ್ನೊಂದು ಸೊಗಸಾದ ಬಳಕೆ ಕಿವಿಗೆ ಬೀಳುತ್ತದೆ. ಯಕ್ಷಗಾನದಲ್ಲಿ ನಾಯಕನಿಗೆ ಪ್ರತಿಯಾಗಿ ನಿಲ್ಲುವ ಪಾತ್ರಕ್ಕೆ ‘ಎದುರು ವೇಷ’ ಎನ್ನುತ್ತಾರೆ. ಅದು ಕೆಟ್ಟವನ ವೇಷವೆಂದಲ್ಲ. ಕಥೆಯ ಇನ್ನೊಂದು ತೋಳು. ತಾಳಮದ್ದಳೆಯಲ್ಲಂತೂ ಬಣ್ಣವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಎದುರಿನ ಅರ್ಥಧಾರಿ ಸತ್ವವುಳ್ಳವನಾಗಿದ್ದರೆ ಮಾತ್ರ ಇವನ ಮಾತು ಏಳುತ್ತದೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿಯಂತಹ ಪಾತ್ರಗಳ ಅರ್ಥಗಾರಿಕೆಯಿಂದಲೇ ಮನೆಮಾತಾದವರು. ರಾಮನನ್ನು ಪೂಜಿಸುವ ಜನರೇ ರಾತ್ರಿಯಿಡೀ ಕುಳಿತು ರಾವಣನ ವಾದವನ್ನು ಕೇಳಿ ತಲೆದೂಗುತ್ತಿದ್ದರು. ಎದುರಿನವನಿಗೂ ಒಂದು ಮಾತಿದೆ, ಅದನ್ನು ಪೂರ್ತಿಯಾಗಿ ಕೇಳಬೇಕು ಎಂಬ ಸಂಸ್ಕಾರವಿಲ್ಲದೆ ಇದು ಸಾಧ್ಯವೇ?

ನಮ್ಮ ಶರಣರು ಈ ಪದವನ್ನು ಬಳಸಿದ ರೀತಿ ಇನ್ನೂ ಸೂಕ್ಷ್ಮವಾದುದು. ಬಸವಣ್ಣನವರ ಏಳು ‘ಬೇಡ’ಗಳ ವಚನವನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಅದರ ಕಡೆಯ ‘ಬೇಡ’ ಪರನಿಂದೆಯನ್ನು ಕುರಿತದ್ದು. ನಿಂದಿಸಬಾರದ ಆ ಮತ್ತೊಬ್ಬನಿಗೆ ಬಸವಣ್ಣನವರು ಆರಿಸಿಕೊಂಡ ಹೆಸರು ‘ಇದಿರು’. ಅಲ್ಲಿ ಇದಿರು ಎಂದರೆ ವೈರಿಯಲ್ಲ, ನಾನಲ್ಲದ ಯಾವನೇ ಆಗಲಿ ಅವನು. ಇದು ಬಂದಿರುವ ಸ್ಥಾನವನ್ನೂ ಗಮನಿಸಬೇಕು: ತನ್ನನ್ನು ತಾನು ಹೊಗಳಿಕೊಳ್ಳಬಾರದೆಂಬ ಮಾತಿನ ಬೆನ್ನಿಗೇ ಇದು ಬಂದಿದೆ. ತನ್ನ ಬಣ್ಣನೆ ಹೆಚ್ಚಾದಲ್ಲಿ ಎದುರಿನವನ ಹಳಿವು ತಾನಾಗಿಯೇ ಹೆಚ್ಚುತ್ತದೆ. ಆಸ್ತಿಯ ಜಗಳಗಳಲ್ಲಿ ಪಂಚರ ಮುಂದೆ ಕುಳಿತವರಿಗೆ ಇದರ ಅನುಭವ ಚೆನ್ನಾಗಿಯೇ ಇರುತ್ತದೆ. ಅರ್ಧ ಗಂಟೆ ‘ನಾನು ಈ ಮನೆಗಾಗಿ ಏನೆಲ್ಲ ಮಾಡಿದೆ’ ಎಂಬುದು. ಇನ್ನರ್ಧ ಗಂಟೆ ‘ಅವನು ಏನೂ ಮಾಡಲಿಲ್ಲ’ ಎಂಬುದು.

ಕಟುವಾದ ಹೆಸರು ಬೇಕೇ ಬೇಕಾದರೆ ಅದಕ್ಕೂ ನಮ್ಮ ಹಿರಿಯರು ಎಡೆಮಾಡಿದ್ದಾರೆ. ಕಾಮಕ್ರೋಧಾದಿ ಆರು ಗುಣಗಳನ್ನು ಅರಿಷಡ್ವರ್ಗವೆಂದು ಕರೆಯುವಾಗ ‘ಅರಿ’ ಎಂದರೆ ಶತ್ರುವೇ. ಅವು ಎದುರುಮನೆಯಲ್ಲಿ ಇರುವಂಥವಲ್ಲ, ನಮ್ಮ ಒಳಮನೆಯಲ್ಲೇ ಇರುವಂಥವು.

ಮನೆಗಳ ಮಾತು ಬಂದುದರಿಂದ ‘ಎದುರುತ್ತರ’ ಎಂಬ ಇನ್ನೊಂದು ಬಳಕೆಯನ್ನೂ ನೋಡಬೇಕು. ಸೊಸೆ ಅಥವಾ ಬೆಳೆದ ಮಗಳು ಒಂದು ಮಾತು ಆಡಿದರೆ ‘ಎದುರುತ್ತರ ಕೊಡುತ್ತಾಳೆ’ ಎಂದು ದೂರುವ ವಾಡಿಕೆ ನಮ್ಮಲ್ಲಿದೆ. ಎದುರು ನಿಂತು ಕೊಟ್ಟ ಉತ್ತರ ಎಂಬುದಷ್ಟೇ ಆ ಪದದ ನೇರ ಅರ್ಥ. ಬೆನ್ನ ಹಿಂದೆ ಗೊಣಗುವುದಕ್ಕಿಂತ ಅದು ಮೇಲಲ್ಲವೇ? ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸುತ್ತಾರೆ. ಅಕ್ಕ ತಲೆತಗ್ಗಿಸಿ ಸುಮ್ಮನಾಗುವುದಿಲ್ಲ. ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಅದನ್ನು ಅಲ್ಲಿ ಯಾರೂ ಅವಿಧೇಯತೆಯೆಂದು ಎಣಿಸಲಿಲ್ಲ, ಅನುಭಾವವೆಂದು ಗೌರವಿಸಿದರು. ಎದುರು ನುಡಿಯಲು ಎಡೆಯಿರುವ ಮನೆಯಲ್ಲಿ ಹಗೆ ಹುಟ್ಟುವುದು ಕಡಿಮೆ ಎಂಬುದು ನಮ್ಮ ಅಭಿಮತ.

ಹಗೆ ಎಂದೆವು. ಆ ಪದದ ಬಗೆಗೂ ಒಂದು ಮಾತು. ಹಳಗನ್ನಡದ ಪಗೆ ನಡುಗನ್ನಡದ ಹೊತ್ತಿಗೆ ಹಗೆಯಾಯಿತು. ಇದೇ ರೂಪದ ಇನ್ನೊಂದು ಪದ ಕನ್ನಡದಲ್ಲಿದೆ: ಬಯಲುಸೀಮೆಯಲ್ಲಿ ಜೋಳ, ರಾಗಿಗಳನ್ನು ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜಕ್ಕೂ ಹಗೆ, ಹಗೇವು ಎಂದೇ ಹೆಸರು. ಉಚ್ಚಾರ ಒಂದಾದರೂ ಎರಡೂ ಬೇರೆ ಪದಗಳು. ಆದರೂ ಹೋಲಿಕೆ ಮಾತ್ರ ಮನಸ್ಸಿಗೆ ನಾಟುವಂಥದು. ಬಹುಕಾಲ ಮುಚ್ಚಿಟ್ಟ ಹಗೇವಿನ ಬಾಯಿ ತೆಗೆದ ಕೂಡಲೇ ಅನುಭವಸ್ಥರು ಒಳಗೆ ಇಳಿಯುತ್ತಿರಲಿಲ್ಲ. ಒಳಗೆ ಕಟ್ಟಿದ ಗಾಳಿ ಉಸಿರುಗಟ್ಟಿಸಿ ಪ್ರಾಣ ತೆಗೆಯಬಲ್ಲದು. ಬಾಯಿ ತೆರೆದಿಟ್ಟು, ಹೊರಗಿನ ಗಾಳಿ ಆಡಲು ಬಿಟ್ಟು, ಆಮೇಲೆ ಇಳಿಯುತ್ತಿದ್ದರು. ಮನಸ್ಸಿನೊಳಗೆ ತುಂಬಿ ಮುಚ್ಚಿಟ್ಟ ಹಗೆಗೂ ಇದೇ ಚಿಕಿತ್ಸೆ ತಕ್ಕುದು.

ಎದುರಿನವರಿಗೆ ಹೆಸರಿಡುವುದು ಎಷ್ಟು ಜವಾಬ್ದಾರಿಯ ಕೆಲಸವೆಂಬುದನ್ನು ಕೆ. ಹೊಸಕೋಟೆಯ ಸುತ್ತಣ ಬೆಟ್ಟಸೀಮೆಯೇ ಕಲಿಸುತ್ತದೆ. ಕೆಂಚಮ್ಮನ ಹೊಸಕೋಟೆ ಎಂಬ ಹೆಸರೇ ಒಂದು ಕೋಟೆಯನ್ನು ನೆನಪಿಸುತ್ತದೆ. ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನ್ 1792ರಲ್ಲಿ ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದ. ಆ ಆಕಾರ ಬರಿಯ ಅಲಂಕಾರಕ್ಕಲ್ಲ. ಎದುರಾಳಿ ಯಾವ ಗೋಡೆಯ ಬುಡಕ್ಕೆ ಬಂದರೂ ಇನ್ನೊಂದು ಗೋಡೆಯಿಂದ ಅವನು ಕಾಣಬೇಕೆಂಬುದು ಅದರ ತಂತ್ರ. ಎದುರಿನವನು ಕಣ್ಣಿಗೆ ಕಾಣುತ್ತಿರುವವರೆಗೆ ಭಯ ಕಡಿಮೆ. ಮರೆಯಾದಾಗಲೇ ಭಯ ಹೆಚ್ಚು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿ ನಾಯಕ ಇದೇ ಕಾಡುಬೆಟ್ಟಗಳನ್ನು ನೆಚ್ಚಿ ಸ್ವತಂತ್ರನಾಗಿ ನಿಂತ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಈ ಸೀಮೆಗೆ ನುಗ್ಗಿತು. ನಾಯಕ ಸೆರೆಸಿಕ್ಕಿ ನೇಣಿಗೇರಿದ. ಗೆದ್ದವರ ಕಡತದಲ್ಲಿ ಅವನು ದಂಗೆಕೋರ. ಇಂದು ಈ ಸೀಮೆಯ ಜನರಿಗೆ ಅವನು ಪರರ ಆಳ್ವಿಕೆಗೆ ಎದುರು ನಿಂತ ವೀರ. ಮನುಷ್ಯ ಒಬ್ಬನೇ, ನಿಂತ ನೆಲವೂ ಒಂದೇ. ಹೆಸರು ಮಾತ್ರ ಬರೆಯುವವನ ಲೇಖಣಿಯಲ್ಲಿತ್ತು.

ಅದು ಹಳೆಯ ಮಾತಾಯಿತು. ಇಂದು ಆಲೂರು–ಸಕಲೇಶಪುರ ಸೀಮೆಯಲ್ಲಿ ನಿತ್ಯವೂ ಎದುರಾಗುವುದು ಆನೆ. ತೋಟದ ಕೆಲಸಕ್ಕೆ ಹೋದವರು, ಮುಂಜಾನೆ ನಡೆದು ಹೊರಟವರು ಮನೆಗೆ ಮರಳದೆ ಹೋದ ದುಃಖವನ್ನು ಅಲ್ಲಿಯ ಎಷ್ಟೋ ಕುಟುಂಬಗಳು ಉಂಡಿವೆ. ಒಂದು ವರ್ಷದ ಭತ್ತವನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡ ರೈತನ ಮುಂದೆ ಪದಗಳ ಸೂಕ್ಷ್ಮವನ್ನು ವಿವರಿಸಲು ಹೊರಡುವುದು ನಾಚಿಕೆಗೇಡು ಎಂಬುದನ್ನು ನಾವು ಬಲ್ಲೆವು. ಆದರೂ ಆ ಜನ ತಾವೇ ಏನು ಮಾಡಿದ್ದಾರೆಂಬುದನ್ನು ಹೇಳದೆ ಇರಲಾರೆವು. ಪತ್ರಿಕೆಗಳಲ್ಲಿ ‘ಹಾವಳಿ’, ‘ದಾಳಿ’, ‘ಪುಂಡಾನೆ’ ಎಂಬ ಮಾತುಗಳು ಬರುತ್ತಿರುವಾಗಲೇ, ಅಲ್ಲಿ ಓಡಾಡುವ ಆನೆಗಳಿಗೆ ಭೀಮ, ಭುವನೇಶ್ವರಿ, ಬೀಟಮ್ಮ ಎಂಬ ಹೆಸರುಗಳು ಬಿದ್ದು ಊರವರ ನಾಲಗೆಯಲ್ಲಿ ನಿಂತಿವೆ. ಯಾವ ಆನೆ ಸಾಧು, ಯಾವುದು ಮುಂಗೋಪಿ, ಯಾವ ಹಿಂಡಿನಲ್ಲಿ ಮರಿಯಿದೆ ಎಂಬುದನ್ನು ಅವರು ಬಲ್ಲರು. ಹೆಸರಿಟ್ಟು ಗುರುತಿಸಿದ ಎದುರಾಳಿಯಿಂದ ತಪ್ಪಿಸಿಕೊಳ್ಳಲು ದಾರಿಯುಂಟು. ಎಲ್ಲವನ್ನೂ ಒಟ್ಟಾಗಿ ಶತ್ರುವೆಂದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ದಾರಿಬಿಟ್ಟು ನಿಲ್ಲಬೇಕು ಎಂಬುದೇ ತಿಳಿಯದು.

ಈ ಸಂಬಂಧದಲ್ಲಿ ಪದಗಳು ನೀತಿಯನ್ನೂ ರೂಪಿಸಿವೆ. ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಸಲ್ಲಿಸಿದ ವರದಿ ಆನೆಗಳಿರುವ ಪ್ರದೇಶಗಳನ್ನು ಸಂರಕ್ಷಣೆ, ಸಹಬಾಳ್ವೆ, ತೆರವು ಎಂದು ಮೂರು ಬಗೆಯಾಗಿ ವಿಂಗಡಿಸಿತು. ಆಲೂರು–ಸಕಲೇಶಪುರ ಸೀಮೆ ಬಿದ್ದದ್ದು ಮೂರನೆಯದರಲ್ಲಿ. ಆಮೇಲೆ ಹಲವು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಆ ಬೆಟ್ಟಗಳಲ್ಲಿ ಆನೆಗಳು ಇಲ್ಲವಾಗಲಿಲ್ಲ. ತೆರವು ಎಂದು ಬರೆದುದರಿಂದ ತೆರವಾಗಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಕಾಡಿನಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯ ನಡುವೆ ಒಂಟಿಸಲಗದೊಡನೆ ಕಾದಾಡಿ ಅರ್ಜುನ ಮಡಿದ. 2012ರಿಂದ 2019ರವರೆಗೆ ಎಂಟು ಬಾರಿ ದಸರೆಯ ಚಿನ್ನದ ಅಂಬಾರಿ ಹೊತ್ತ ಆನೆ ಅದು. ಅಂದು ನಾಡೆಲ್ಲ ಕಣ್ಣೀರಿಟ್ಟಿತು. ಆ ದಿನ ಎದುರು ನಿಂತವೆರಡೂ ಆನೆಗಳೇ. ಒಂದನ್ನು ನಾವು ನಮ್ಮದೆಂದೆವು, ಇನ್ನೊಂದನ್ನು ಅಲ್ಲವೆಂದೆವು. ಆದರೆ ಅರ್ಜುನನೂ ಒಂದು ಕಾಲಕ್ಕೆ ಕಾಡಿನಿಂದ ಹಿಡಿದು ತಂದ ಆನೆಯೇ ಆಗಿದ್ದ.

ಈಗ ಪತ್ರ ಬರೆದ ತಾಯಿಗೆ ನಮ್ಮ ಉತ್ತರ. ನಿಮ್ಮ ಮಗನಿಗೆ ಹೀಗೆ ಹೇಳಿರಿ. ಎದುರುದಾರ ಎಂದರೆ ಶತ್ರುವಲ್ಲ. ನ್ಯಾಯಾಲಯ ಬಹಳ ಎಚ್ಚರದಿಂದ ಆರಿಸಿಕೊಂಡ ಪದ ಅದು. ವ್ಯಾಜ್ಯಕ್ಕೆ ಎರಡು ಮುಖಗಳಿವೆ. ಒಂದು ಮುಖದ ಕಡೆ ನಿನ್ನ ತಂದೆ ನಿಂತಿದ್ದಾರೆ, ಅವರ ಎದುರಿನ ಜಾಗದಲ್ಲಿ ದೊಡ್ಡಪ್ಪ ನಿಂತಿದ್ದಾರೆ. ಅಷ್ಟನ್ನು ಮಾತ್ರ ಆ ಪದ ಹೇಳುತ್ತದೆ. ಮೇಲ್ಮನವಿಯನ್ನು ದೊಡ್ಡಪ್ಪನೇ ಮೊದಲು ಸಲ್ಲಿಸಿದ್ದರೆ ಎದುರುದಾರ ಎಂಬ ಪದ ನಿನ್ನ ತಂದೆಯ ಹೆಸರಿನ ಮುಂದೆಯೇ ಇರುತ್ತಿತ್ತು. ಶತ್ರು ಎಂಬ ಪದ ಆ ಕಾಗದದಲ್ಲಿ ಎಲ್ಲಿಯೂ ಇಲ್ಲ. ಇದ್ದರೆ ಅದು ಮನೆಯೊಳಗಿನ ಮಾತುಗಳಿಂದ ಬಂದಿರಬೇಕು.

ಇನ್ನು ಎರಡನೆಯ ಪ್ರಶ್ನೆ. ಎದುರುದಾರರಾಗಿದ್ದೂ ದೊಡ್ಡಪ್ಪ ಏಕೆ ಕೂಗಿದರು? ಎದುರಿಗೆ ಇದ್ದುದರಿಂದಲೇ ಕೂಗಿದರು ಎಂದು ನಾವು ಹೇಳುತ್ತೇವೆ. ನಿಮ್ಮ ಕೊಟ್ಟಿಗೆಯ ಮಗ್ಗುಲು ನಿಮಗೆ ಕಾಣುವುದಿಲ್ಲ, ಎದುರುಮನೆಯವರಿಗೆ ಕಾಣುತ್ತದೆ. ನಮ್ಮ ಬೆನ್ನ ಹಿಂದಿರುವ ಅಪಾಯ ನಮ್ಮೆದುರು ನಿಂತವನ ಕಣ್ಣಿಗೇ ಮೊದಲು ಬೀಳುವುದು.

ಹಿರಿಯರಿಬ್ಬರಿಗೂ ಒಂದು ಬಿನ್ನಹವಿದೆ. ವ್ಯಾಜ್ಯವನ್ನು ಹಿಂತೆಗೆದುಕೊಳ್ಳಿರಿ ಎಂದು ನಾವು ಹೇಳಲಾರೆವು. ಹಕ್ಕು ಹಕ್ಕೇ, ಅದನ್ನು ಕಾಗದದ ಮೇಲೆ ಕೇಳುವುದರಲ್ಲಿ ದೋಷವಿಲ್ಲ. ಮನಸ್ಸಿನಲ್ಲಿ ಹೂತಿಡುವುದಕ್ಕಿಂತ ನ್ಯಾಯಪೀಠದ ಎದುರು ಹೇಳಿಕೊಳ್ಳುವುದೇ ಒಳ್ಳೆಯದು. ಆದರೆ ಕಾಗದದ ಪದ ಕಾಗದದಲ್ಲೇ ಇರಲಿ, ಅಂಗಳಕ್ಕೆ ಇಳಿಯದಿರಲಿ. ಆ ರಾತ್ರಿ ಒಬ್ಬರು ಕೂಗಿದ್ದಾರೆ. ಇನ್ನೊಬ್ಬರು ಅದಕ್ಕೆ ಇನ್ನೂ ಉತ್ತರ ಹೇಳಿಲ್ಲವೆಂದು ಪತ್ರದಿಂದ ತಿಳಿಯುತ್ತದೆ. ಎಂಟು ಹೆಜ್ಜೆ ಅಂಗಳ ದಾಟಿ, ಎದುರು ನಿಂತು, ‘ಅಂದು ನೀನು ಕೂಗದಿದ್ದರೆ ನಾನು ಉಳಿಯುತ್ತಿರಲಿಲ್ಲ’ ಎಂದು ಹೇಳಿಬಿಟ್ಟರೆ ಖಾತೆಯ ಒಂದು ಗುಂಟೆಯೂ ಕಡಿಮೆಯಾಗುವುದಿಲ್ಲ. ಅದೂ ಒಂದು ಎದುರುತ್ತರವೇ.

ಮುಂದಿನ ಸಂಚಿಕೆಯಲ್ಲಿ ‘ಬೀಗರು’ ಎಂಬ ಪದವನ್ನು ಕುರಿತು ವಿಚಾರ ಮಾಡೋಣ. ಆ ಬಗೆಗೆ ತಮ್ಮ ಊರಿನ ಬಳಕೆಗಳನ್ನು ತಿಳಿಸುವ ಓದುಗರ ಪತ್ರಗಳನ್ನು ಎದುರುನೋಡುತ್ತೇವೆ.